ಧಾರವಾಡ ಸೀಮೆಯ ಮನೆಗೆ ಯಾವ ಶಂಕುಧಾರಿ ಗಿಡ: ಅರಾಕೇರಿಯಾ, ಪೊಡೊಕಾರ್ಪಸ್, ಥೂಜಾಗಳ ಹೋಲಿಕೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ನರ್ಸರಿಗಳಲ್ಲಿ ಶಂಕುಧಾರಿ (ಕಾನಿಫರ್, ಅಂದರೆ ಪೈನ್ ಮರದ ಬಳಗದ) ಜಾತಿಯ ಅಲಂಕಾರದ ಗಿಡಗಳನ್ನು ಕೇಳುವವರು ಹೆಚ್ಚುತ್ತಿದ್ದಾರೆ. ಅಂತಸ್ತು ಅಂತಸ್ತಾಗಿ ಕೊಂಬೆ ಚಾಚುವ ಅರಾಕೇರಿಯಾ, ಉದ್ದನೆಯ ಕಡುಹಸಿರು ಎಲೆಗಳ ಪೊಡೊಕಾರ್ಪಸ್, ಗೇಟಿನ ಎರಡೂ ಬದಿಗೆ ಜೋಡಿಯಾಗಿ ನಿಲ್ಲುವ ಥೂಜಾ, ಬೋನ್ಸಾಯ್ ಮಾಡುವವರು ಹುಡುಕುವ ಜುನಿಪರ್ ಮತ್ತು ಬಂಗಾರದ ಬಣ್ಣದ ಸೈಪ್ರೆಸ್, ಇವುಗಳ ನಡುವೆಯೇ ಆಯ್ಕೆ ನಡೆಯುತ್ತದೆ. ಇವೆಲ್ಲವೂ ವರ್ಷವಿಡೀ ಹಸಿರಾಗಿರುವಂಥವು ಮತ್ತು ನಮ್ಮ ಸೀಮೆಗೆ ಹೊರಗಿನಿಂದ ಬಂದಂಥವು. ಕೊಳ್ಳುವವರು ಬಹುಪಾಲು ಆಕಾರ ನೋಡಿ ಆರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆಕಾರಕ್ಕಿಂತ ಮೊದಲು ನೋಡಬೇಕಾದದ್ದು ಮನೆಯ ಮಣ್ಣು, ಮನೆಗೆ ಬರುವ ನೀರು ಮತ್ತು ಮಾರ್ಚ್‌ನಿಂದ ಮೇ ತಿಂಗಳವರೆಗೆ ಮನೆಯ ಸುತ್ತ ಬೀಸುವ ಒಣಗಾಳಿ, ಏಕೆಂದರೆ ಒಂದೇ ಗಿಡ ಧಾರವಾಡದ ಕೆಲಗೇರಿಯ ಬದಿಯಲ್ಲಿ ಸೊಂಪಾಗಿ ಬೆಳೆದು ಗದಗ-ಬೆಟಗೇರಿಯಲ್ಲಿ ಎರಡನೆಯ ಬೇಸಿಗೆಯನ್ನು ದಾಟದೇ ಹೋಗಬಹುದು.

ಮಣ್ಣು, ನೀರು, ಗಾಳಿ

ಧಾರವಾಡದಿಂದ ಪಶ್ಚಿಮಕ್ಕೆ ಅಳ್ನಾವರದ ಕಡೆಗೆ, ದಕ್ಷಿಣಕ್ಕೆ ಕಲಘಟಗಿಯ ಕಡೆಗೆ, ಮಲೆನಾಡಿನ ಅಂಚು ಆರಂಭವಾಗುತ್ತದೆ; ಅಲ್ಲಿ ಕೆಂಪು ಮಸಾರಿ ಮಣ್ಣು ಹೆಚ್ಚು, ಮಳೆಗಾಲವೂ ದೀರ್ಘ. ಪೂರ್ವಕ್ಕೆ ನವಲಗುಂದ, ನರಗುಂದ, ರೋಣಗಳತ್ತ ಸರಿದಂತೆ ಮಳೆ ಕಡಿಮೆಯಾಗುತ್ತ ಎರೆಮಣ್ಣು ದಟ್ಟವಾಗುತ್ತದೆ. ಹತ್ತಿಗೂ ಕಡಲೆಗೂ ಬಿಳಿಜೋಳಕ್ಕೂ ಒಳ್ಳೆಯದಾದ ಈ ಎರೆಮಣ್ಣು ಶಂಕುಧಾರಿ ಗಿಡಗಳಿಗೆ ಎರಡು ಬಗೆಯಿಂದ ಕಷ್ಟ ಕೊಡುತ್ತದೆ. ಮಳೆಗಾಲದಲ್ಲಿ ಅದು ನೀರನ್ನು ಹಿಡಿದಿಟ್ಟು ಬೇರಿಗೆ ಗಾಳಿಯಾಡಗೊಡುವುದಿಲ್ಲ; ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಅದರ ಜೊತೆಗೆ ಅದು ಸುಣ್ಣದ ಅಂಶವುಳ್ಳ ಕ್ಷಾರೀಯ ಮಣ್ಣು. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು, ಆದ್ದರಿಂದ ಹೊಸ ಎಲೆಗಳು ಹಳದಿಯಾಗಿಯೇ ಹೊರಬರುತ್ತವೆ.

ನೀರಿನ ಮಾತೂ ಇದೇ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ನಳದಲ್ಲಿ ಬರುತ್ತದೆ, ಅದು ಗಿಡಗಳಿಗೆ ತೊಂದರೆ ಮಾಡುವಂಥದ್ದಲ್ಲ. ಬೋರಿನ ನೀರನ್ನೇ ನಂಬಿದ ಮನೆಗಳಲ್ಲಿ, ಅದರಲ್ಲೂ ಗದಗ ಜಿಲ್ಲೆಯ ಗಡಸು ನೀರಿನಲ್ಲಿ, ಕುಂಡದ ಅಂಚಿಗೆ ಮತ್ತು ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟುತ್ತದೆ. ನಿಮ್ಮ ಮನೆಯ ತುಳಸಿಯ ಕುಂಡದಲ್ಲಿ ಈಗಾಗಲೇ ಅಂಥ ಪದರ ಕಾಣುತ್ತಿದ್ದರೆ ಶಂಕುಧಾರಿಗಳ ಆಯ್ಕೆ ಅಲ್ಲಿಂದಲೇ ಕಿರಿದಾಯಿತೆಂದು ತಿಳಿಯಬೇಕು.

ಮೂರನೆಯದು ಗಾಳಿ. ಚಳಿ ನಮ್ಮಲ್ಲಿ ಯಾವ ಗಿಡವನ್ನೂ ಕೊಲ್ಲುವಷ್ಟು ಬೀಳುವುದಿಲ್ಲ, ಆದ್ದರಿಂದ ಪಾಶ್ಚಾತ್ಯ ಪುಸ್ತಕಗಳು ಪುಟಗಟ್ಟಲೆ ಹೇಳುವ ಹಿಮದ ಎಚ್ಚರಿಕೆಗಳನ್ನು ನಾವು ಬಿಟ್ಟುಬಿಡಬಹುದು. ಆದರೆ ಕಪ್ಪತಗುಡ್ಡದ ಆಸುಪಾಸಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿ ಇದೆ ಎಂಬುದನ್ನು ಮರೆಯುವಂತಿಲ್ಲ. ಬೇಸಿಗೆಯ ಮಧ್ಯಾಹ್ನದ ಒಣಗಾಳಿ ಕುಂಡದಲ್ಲಿರುವ ಗಿಡದ ಎಲೆಯಿಂದ ತೇವವನ್ನು ಬೇರು ಪೂರೈಸುವುದಕ್ಕಿಂತ ವೇಗವಾಗಿ ಸೆಳೆಯುತ್ತದೆ. ಆಷಾಢದ ಗಾಳಿಯಲ್ಲಿ ತೇವವಿರುವುದರಿಂದ ಅದು ಅಷ್ಟು ಅಪಾಯಕಾರಿಯಲ್ಲ, ಮಾಳಿಗೆಯ ಮೇಲಿನ ಎತ್ತರದ ಗಿಡಗಳನ್ನು ಕೆಡವಬಹುದು ಅಷ್ಟೆ.

ಅರಾಕೇರಿಯಾ: ಎಲ್ಲರೂ ಕೇಳುವ ಗಿಡ

ನರ್ಸರಿಯವರು ‘ಕ್ರಿಸ್‌ಮಸ್ ಟ್ರೀ’ ಎಂದು ಕೊಡುವ ಗಿಡ ಬಹುತೇಕ ಇದೇ. ಆಸ್ಟ್ರೇಲಿಯಾದ ಪೂರ್ವಕ್ಕೆ ಶಾಂತಸಾಗರದಲ್ಲಿರುವ ನಾರ್ಫೋಕ್ ಎಂಬ ಪುಟ್ಟ ದ್ವೀಪ ಅರಾಕೇರಿಯಾ ಹೆಟೆರೋಫಿಲ್ಲಾದ ತವರು. 1774ರಲ್ಲಿ ತನ್ನ ಎರಡನೆಯ ಯಾನದಲ್ಲಿ ಅಲ್ಲಿಗೆ ಬಂದ ಕ್ಯಾಪ್ಟನ್ ಕುಕ್ ಆ ನೆಟ್ಟನೆಯ ಕಾಂಡಗಳನ್ನು ಕಂಡು ಹಡಗಿನ ಪಟಸ್ತಂಭಗಳಿಗೆ ಒದಗಬಹುದೆಂದು ಎಣಿಸಿದ್ದನು. ತವರಿನಲ್ಲಿ ಅದು 50 ಮೀಟರನ್ನೂ ಮೀರಿ ಬೆಳೆಯುವ ಮರ. ಇದಕ್ಕೆ ಬಹು ಹತ್ತಿರದ ಇನ್ನೊಂದು ಜಾತಿ ಅರಾಕೇರಿಯಾ ಕಾಲಮ್ನಾರಿಸ್, ನ್ಯೂ ಕ್ಯಾಲಿಡೋನಿಯಾ ದ್ವೀಪಗಳದ್ದು. ಎಳೆಯ ಗಿಡಗಳಲ್ಲಿ ಇವೆರಡನ್ನೂ ಬೇರೆ ಮಾಡಿ ಗುರುತಿಸುವುದು ಪಳಗಿದವರಿಗೂ ಕಷ್ಟ, ಮತ್ತು ಜಗತ್ತಿನ ಹಲವೆಡೆ ನಾರ್ಫೋಕ್ ಹೆಸರಿನಲ್ಲಿ ಮಾರಾಟವಾಗುವುದು ಎರಡನೆಯದೇ. ಕುಂಡದಲ್ಲಿಯೇ ಇಟ್ಟುಕೊಳ್ಳುವವರಿಗೆ ಈ ವ್ಯತ್ಯಾಸದಿಂದ ಆಗಬೇಕಾದದ್ದೇನೂ ಇಲ್ಲ. ನೆಲಕ್ಕೆ ಇಳಿಸುವವರಿಗೆ ಇದೆ. ಹೆಟೆರೋಫಿಲ್ಲಾ ದೊಡ್ಡದಾದಂತೆ ಅಗಲವಾಗಿ ಹರಡುತ್ತದೆ. ಕಾಲಮ್ನಾರಿಸ್ ಹಳೆಯ ಕೊಂಬೆಗಳನ್ನು ಉದುರಿಸಿ ಕಾಂಡದ ಮೇಲೆಯೇ ಗಿಡ್ಡ ಚಿಗುರುಗಳನ್ನು ಹೊರಡಿಸುತ್ತ ಕಂಬದಂತೆ ಕಿರಿದಾಗಿ ಏರುತ್ತದೆ. ಅದಕ್ಕೆ ಇನ್ನೊಂದು ವಿಚಿತ್ರ ಗುಣವೂ ಉಂಟು. ಭೂಮಧ್ಯರೇಖೆಯ ಕಡೆಗೆ ಅದು ವಾಲುತ್ತದೆ. 2017ರಲ್ಲಿ ಪ್ರಕಟವಾದ, ಐದು ಖಂಡಗಳ ಮರಗಳನ್ನು ಅಳೆದು ನೋಡಿದ ಅಧ್ಯಯನವೊಂದರಲ್ಲಿ ಈ ವಾಲುವಿಕೆ ಸರಾಸರಿ ಎಂಟು ಡಿಗ್ರಿಗಿಂತ ಹೆಚ್ಚಿತ್ತು. ಉತ್ತರಾರ್ಧಗೋಳದ ಮರಗಳು ದಕ್ಷಿಣಕ್ಕೆ, ದಕ್ಷಿಣಾರ್ಧಗೋಳದವು ಉತ್ತರಕ್ಕೆ ಬಾಗಿದ್ದವು, ಮತ್ತು ಭೂಮಧ್ಯರೇಖೆಯಿಂದ ದೂರ ಹೋದಂತೆ ಬಾಗು ಹೆಚ್ಚುತ್ತಿತ್ತು. ನಾವು ಆ ರೇಖೆಗೆ ಸಾಕಷ್ಟು ಹತ್ತಿರ ಇರುವುದರಿಂದ ನಮ್ಮಲ್ಲಿ ಈ ಬಾಗು ಅಲ್ಪವೇ ಆಗಬೇಕು. ಆದರೂ ಪ್ಲಾಟಿನ ದಕ್ಷಿಣದ ಗೋಡೆಗೆ ತಾಗಿಸಿ ನೆಡುವವರು ಪಕ್ಕದ ಮನೆಯವರನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಈ ಗಿಡದ ಸೊಬಗೆಲ್ಲ ಅದರ ಸಮಪ್ರಮಾಣದಲ್ಲಿದೆ, ಮತ್ತು ಆ ಸಮಪ್ರಮಾಣ ಒಮ್ಮೆ ಕೆಟ್ಟರೆ ಮರಳಿ ಬರುವುದು ಅಪರೂಪ. ಒಣಗಿ ಉದುರಿದ ಕೆಳಗಿನ ಕೊಂಬೆಯ ಜಾಗದಲ್ಲಿ ಎಳೆಯ ಗಿಡ ಹೊಸ ಕೊಂಬೆ ಕೊಡುವುದಿಲ್ಲ. ನಡುಸುಳಿ ಮುರಿದರೆ ಆಕಾರವೇ ಹೋದಂತೆ. ಪಕ್ಕದ ಕೊಂಬೆಯನ್ನು ಕತ್ತರಿಸಿ ನೆಟ್ಟು ಹೊಸ ಗಿಡ ಮಾಡಿಕೊಳ್ಳೋಣವೆಂದರೆ ಅದು ಬೇರು ಬಿಟ್ಟ ಮೇಲೂ ಕೊಂಬೆಯಂತೆ ಅಡ್ಡಡ್ಡಲಾಗಿಯೇ ಬೆಳೆಯುತ್ತದೆ. ನೆಟ್ಟಗೆ ಏರುವ ಗಿಡ ಬೇಕಾದರೆ ಬೀಜದ ಸಸಿಯೋ ತುದಿಸುಳಿಯ ತುಂಡೋ ಬೇಕು. ಹೀಗಾಗಿ ಅರಾಕೇರಿಯಾವನ್ನು ಸವರಿ ಗಿಡ್ಡವಾಗಿಸುತ್ತೇನೆಂಬ ಯೋಜನೆಯಿಂದ ಯಾರೂ ಕೊಳ್ಳಬಾರದು. ಚಿಕ್ಕ ಮಕ್ಕಳು ಚೆಂಡಾಡುವ ಅಂಗಳವೂ ಅದಕ್ಕೆ ತಕ್ಕ ಜಾಗವಲ್ಲ.

ಒಳಾಂಗಣದಲ್ಲಿ ಇದನ್ನು ಇಡಬಹುದೇ ಎಂಬ ಪ್ರಶ್ನೆಗೆ ಉತ್ತರ, ಕಿಟಕಿಯ ಬಳಿಯಾದರೆ ಹೌದು, ಪಡಸಾಲೆಯ ಕತ್ತಲ ಮೂಲೆಯಾದರೆ ಇಲ್ಲ. ಪೂರ್ವದ ಕಿಟಕಿಯ ಮುಂಜಾನೆಯ ಬಿಸಿಲು, ಉಳಿದ ಹೊತ್ತು ಒಳ್ಳೆಯ ಬೆಳಕು ಸಿಕ್ಕರೆ ಅದು ನಿಧಾನವಾಗಿ, ವರ್ಷಕ್ಕೆ ಒಂದು ಗೇಣಿಗಿಂತ ಕಡಿಮೆ, ಬೆಳೆಯುತ್ತ ವರ್ಷಗಳ ಕಾಲ ಕುಂಡದಲ್ಲಿಯೇ ಇರುತ್ತದೆ. ಬೆಳಕು ಒಂದೇ ಕಡೆಯಿಂದ ಬರುವಲ್ಲಿ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸದಿದ್ದರೆ ಗಿಡ ಸೊಟ್ಟಗಾಗುತ್ತದೆ. ಇಡೀ ದಿನ ಫ್ಯಾನಿನ ಕೆಳಗೆ ಅಥವಾ ಎ.ಸಿ. ಗಾಳಿಗೆ ಎದುರಾಗಿ ಇಟ್ಟರೆ ಕೆಳಗಿನ ಕೊಂಬೆಗಳು ತುದಿಯಿಂದ ಕಂದಾಗತೊಡಗುತ್ತವೆ, ಮತ್ತು ಕಂದಾದದ್ದು ಹಸಿರಾಗುವುದಿಲ್ಲ.

ನೆಲಕ್ಕೆ ಇಳಿಸುವ ಬಗ್ಗೆ ನನ್ನ ನಿಲುವು ಸ್ವಲ್ಪ ಕಠಿಣವಾಗಿದೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಆಕಾಶಕ್ಕೆ ಏರಿದ ಅರಾಕೇರಿಯಾಗಳನ್ನು ನೋಡಿದವರಿಗೆ ಆಸೆಯಾಗುವುದು ಸಹಜ. ಆದರೆ ಅಲ್ಲಿ ಇರುವಷ್ಟು ಜಾಗ ಒಂದು-ಒಂದೂವರೆ ಗುಂಟೆಯ ಪ್ಲಾಟಿನಲ್ಲಿ ಇರುವುದಿಲ್ಲ. ಮೇಲೆ ಹೆಸ್ಕಾಂನ ವಿದ್ಯುತ್ ತಂತಿ, ಕೆಳಗೆ ನೀರಿನ ತೊಟ್ಟಿ, ಪಕ್ಕದಲ್ಲಿ ಕಂಪೌಂಡು. ನಾಳೆ ಕಡಿಸಬೇಕೆಂದರೆ ನಗರಪ್ರದೇಶದಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಗೆ ಅರ್ಜಿ ಹಾಕಬೇಕಾಗುತ್ತದೆ. ದೊಡ್ಡ ಹಿತ್ತಲುಳ್ಳ ಹಳೆಯ ಬಂಗಲೆ, ತೋಟದ ಮನೆ ಅಥವಾ ಶಾಲೆಯ ಆವರಣವಿದ್ದು ಮಣ್ಣು ಮಸಾರಿಯಾಗಿದ್ದರೆ ಧಾರಾಳವಾಗಿ ನೆಡಿರಿ. ಉಳಿದವರು ಕುಂಡಕ್ಕೇ ತೃಪ್ತರಾಗಬೇಕು.

ಪೊಡೊಕಾರ್ಪಸ್: ಕಡಿಮೆ ಕೇಳಿದ, ಹೆಚ್ಚು ಒದಗುವ ಗಿಡ

ಚೀನಾ ಮತ್ತು ಜಪಾನ್ ಮೂಲದ ಪೊಡೊಕಾರ್ಪಸ್ ಮ್ಯಾಕ್ರೋಫಿಲ್ಲಸ್ ಮೊದಲ ನೋಟಕ್ಕೆ ಶಂಕುಧಾರಿ ಎಂದೇ ಅನಿಸುವುದಿಲ್ಲ. ಅದರ ಎಲೆ ಸೂಜಿಯಂತಿಲ್ಲ, ಬೆರಳುದ್ದದ ಚಪ್ಪಟೆ ಪಟ್ಟಿ. ಕಾಯಿಯೂ ಶಂಕುವಿನ ಆಕಾರದ್ದಲ್ಲ, ತಿರುಳುಳ್ಳ ಕೆಂಪು-ನೇರಳೆ ತೊಟ್ಟಿನ ಮೇಲೆ ಕುಳಿತ ಒಂಟಿ ಬೀಜ. ಗಂಡು ಹೆಣ್ಣು ಗಿಡಗಳು ಬೇರೆ ಬೇರೆ. ನಮ್ಮ ಪಶ್ಚಿಮಘಟ್ಟದ ದಕ್ಷಿಣ ಭಾಗದ ಮಳೆಕಾಡುಗಳಲ್ಲಿ ಇದರ ದೂರದ ನೆಂಟನಾದ ನಾಗೇಯಾ ವಾಲಿಚಿಯಾನಾ ಬೆಳೆಯುತ್ತದೆ, ದಕ್ಷಿಣ ಭಾರತಕ್ಕೆ ಸಹಜವಾದ ಶಂಕುಧಾರಿ ಅದೊಂದೇ. ಗುಡ್ಡಗಾಡಿನ ತೇವದ ನೆರಳಿನಲ್ಲಿ ಹುಟ್ಟಿದ ಆ ಮರವನ್ನು ಬಯಲುಸೀಮೆಯ ಅಂಗಳಕ್ಕೆ ತರುವ ಸಾಹಸವನ್ನು ನಾನು ಯಾರಿಗೂ ಸೂಚಿಸಲಾರೆ.

ಮನೆಯ ಮಟ್ಟಿಗೆ ಪೊಡೊಕಾರ್ಪಸ್ಸಿನ ಮುಖ್ಯ ಗುಣವೆಂದರೆ ಅದು ಕತ್ತರಿಗೆ ಒಗ್ಗುತ್ತದೆ. ಹಳೆಯ ಕಟ್ಟಿಗೆಯಿಂದಲೂ ಚಿಗುರುವ ಶಂಕುಧಾರಿಗಳು ಕಡಿಮೆ. ಇದು ಆ ಕೆಲವುಗಳಲ್ಲಿ ಒಂದು. ಸಾಲಾಗಿ ನೆಟ್ಟು ಬೇಲಿಯಾಗಿಸಬಹುದು, ಕುಂಡದಲ್ಲಿ ಎದೆಯೆತ್ತರಕ್ಕೆ ನಿಲ್ಲಿಸಬಹುದು, ಬೋನ್ಸಾಯ್ ಮಾಡಬಹುದು, ಸವರುವಾಗ ತಪ್ಪಿದರೂ ಆರು ತಿಂಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅರಾಕೇರಿಯಾಕ್ಕಿಂತ ಹೆಚ್ಚು ನೆರಳನ್ನೂ ತಾಳುತ್ತದೆ, ಆದ್ದರಿಂದ ಹುಬ್ಬಳ್ಳಿಯ ಅಪಾರ್ಟ್‌ಮೆಂಟುಗಳ ಉತ್ತರದ ಬಾಲ್ಕನಿಗಳಿಗೆ ಇದಕ್ಕಿಂತ ತಕ್ಕ ಶಂಕುಧಾರಿಯನ್ನು ನಾನು ಕಾಣೆ.

ದೋಷಗಳು ಎರಡು. ಒಂದು, ಕ್ಷಾರೀಯ ಮಣ್ಣು ಮತ್ತು ಗಡಸು ನೀರಿನಲ್ಲಿ ಎಲೆ ಹಳದಿಯಾಗುವ ತೊಂದರೆ ಇದಕ್ಕೆ ಬೇಗ ಬರುತ್ತದೆ. ಎಲೆಯ ನರ ಹಸಿರಾಗಿಯೇ ಉಳಿದು ಉಳಿದ ಭಾಗ ಹಳದಿಯಾದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ಸಿಗುವ ಚಿಲೇಟೆಡ್ ಕಬ್ಬಿಣವನ್ನು (ಬೇರು ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ) ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಕೊಟ್ಟರೆ ಸ್ವಲ್ಪ ಕಾಲ ಸುಧಾರಿಸುತ್ತದೆ, ಮಳೆನೀರು ಸಂಗ್ರಹಿಸಿ ಹಾಕಿದರೆ ಇನ್ನೂ ಒಳ್ಳೆಯದು. ಇನ್ನೊಂದು, ಇದರ ಎಲೆ ಮತ್ತು ಬೀಜ ನಾಯಿ-ಬೆಕ್ಕುಗಳಿಗೆ ವಿಷಕಾರಿ. ಎಲ್ಲವನ್ನೂ ಕಚ್ಚಿ ನೋಡುವ ನಾಯಿಮರಿ ಮನೆಯಲ್ಲಿದ್ದರೆ ಇದನ್ನು ಬಿಡುವುದೇ ವಾಸಿ.

ಥೂಜಾ ಮತ್ತು ಜುನಿಪರ್

ನಮ್ಮಲ್ಲಿ ಥೂಜಾ ಎಂದು ಕರೆಯುವ ಗಿಡವನ್ನು ಸಸ್ಯಶಾಸ್ತ್ರಜ್ಞರು ಈಗ ಪ್ಲಾಟಿಕ್ಲಾಡಸ್ ಓರಿಯೆಂಟಾಲಿಸ್ ಎಂಬ ಬೇರೆಯ ಕುಲಕ್ಕೆ ಸೇರಿಸಿದ್ದಾರೆ. ಮುಚ್ಚಿದ ಅಂಗೈಯನ್ನು ನೆಟ್ಟಗೆ ನಿಲ್ಲಿಸಿದಂತೆ ಕಾಣುವ ಚಪ್ಪಟೆ ರೆಂಬೆಗಳು, ಕೊಕ್ಕೆಯುಳ್ಳ ನೀಲಿಹಸಿರು ಕಾಯಿಗಳು ಇದರ ಗುರುತು. ಅಪರೂಪದ ಗಿಡ ಬೇಕೆನ್ನುವವರು ಇದನ್ನು ತಾತ್ಸಾರದಿಂದ ನೋಡುತ್ತಾರೆ, ಏಕೆಂದರೆ ಇದು ಎಲ್ಲ ಕಡೆಯೂ ಇದೆ. ಎಲ್ಲ ಕಡೆ ಇರುವುದಕ್ಕೆ ಕಾರಣವನ್ನು ಮಾತ್ರ ಗಮನಿಸಬೇಕು. ಉತ್ತರ ಚೀನಾದ ಒಣ, ಸುಣ್ಣದ ಬೆಟ್ಟಗಳಲ್ಲಿಯೂ ಬೆಳೆಯುವ ಈ ಗಿಡಕ್ಕೆ ನಮ್ಮ ಪೂರ್ವದ ತಾಲ್ಲೂಕುಗಳ ಮಣ್ಣು ಮತ್ತು ಬಿಸಿಲು ಹೊಸದಲ್ಲ. ನೀರು ನಿಲ್ಲದಂತೆ ನೋಡಿಕೊಂಡರೆ ಬೋರಿನ ನೀರಿನಲ್ಲೂ ಬದುಕುತ್ತದೆ. ಗದಗ, ರೋಣ, ಮುಂಡರಗಿ, ರಾಣೆಬೆನ್ನೂರಿನ ಕಡೆಯವರು ತೆರೆದ ಅಂಗಳಕ್ಕೆ ಗಿಡ ಕೇಳಿದರೆ ನಾನು ಹಿಂಜರಿಯದೆ ಹೇಳುವುದು ಇದನ್ನೇ.

ಇದನ್ನು ಮನೆಯೊಳಗೆ ಇಡಬಾರದು, ಅರ್ಧ ದಿನದ ನೇರ ಬಿಸಿಲು ಬೇಕೇಬೇಕು. ಒಳಭಾಗದ ಎಲೆಗಳು ಕಂದಾಗಿ ಉದುರುವುದು ಸಹಜ, ರೋಗವಲ್ಲ. ಸವರುವಾಗ ಹಸಿರು ಇರುವಷ್ಟು ಭಾಗದಲ್ಲಿಯೇ ಕತ್ತರಿ ಆಡಿಸಬೇಕು. ಬರಿಯ ಕಟ್ಟಿಗೆಯವರೆಗೆ ಕತ್ತರಿಸಿದ ಕಡೆ ಮತ್ತೆ ಚಿಗುರದೆ ಶಾಶ್ವತ ಬೋಳು ಉಳಿಯುತ್ತದೆ.

ಜುನಿಪರಿನ ಬೇಡಿಕೆಗಳೂ ಬಹುತೇಕ ಇವೇ. ಮೇಜಿನ ಮೇಲಿಡಲು ಎಂದು ಮಾರುವ ಜುನಿಪರ್ ಬೋನ್ಸಾಯ್‌ಗಳು ಮೇಜಿನ ಮೇಲೆ ಬದುಕುವುದಿಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. ಬೇರು ಸತ್ತ ಮೇಲೂ ಅದರ ಎಲೆ ವಾರಗಟ್ಟಲೆ ಹಸಿರಾಗಿರುತ್ತದೆ, ಆದ್ದರಿಂದ ಕೊಂಡ ದಿನವೇ ಅದು ಸತ್ತಿರುವ ಸಾಧ್ಯತೆಯೂ ಉಂಟು. ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದಾಗ ಒಳಗೆ ಹಸಿರು ತೇವ ಕಂಡರೆ ಮಾತ್ರ ಹಣ ಕೊಡಬೇಕು.

ಬೇಡವೆನ್ನಬೇಕಾದವು

ನಿಂಬೆಯ ಪರಿಮಳದ, ಬಂಗಾರದ ಬಣ್ಣದ ‘ಗೋಲ್ಡ್‌ಕ್ರೆಸ್ಟ್’ ಸೈಪ್ರೆಸ್ ನೋಡಲು ಎಷ್ಟು ಚೆಂದವೋ ನಮ್ಮ ಬೇಸಿಗೆಗೆ ಅಷ್ಟೇ ಅಯೋಗ್ಯ. ಅದರ ಮೂಲಜಾತಿ ಕ್ಯಾಲಿಫೋರ್ನಿಯಾದ ಕಡಲಂಚಿನ ತಂಪು ಮಂಜಿನಲ್ಲಿ ಹುಟ್ಟಿದ್ದು. ನವೆಂಬರದಲ್ಲಿ ತಂದರೆ ಫೆಬ್ರವರಿಯವರೆಗೆ ನಳನಳಿಸುತ್ತದೆ, ಯುಗಾದಿಯ ಹೊತ್ತಿಗೆ ಒಂದು ಪಕ್ಕದಿಂದ ಒಣಗತೊಡಗುತ್ತದೆ. ಹೂವಿನ ಗುಚ್ಛ ಕೊಂಡಂತೆ ಒಂದು ಋತುವಿಗೆಂದೇ ಕೊಳ್ಳುವವರ ಮಾತು ಬೇರೆ.

ಚಿಲಿ ದೇಶದ ಆಂಡಿಸ್ ಬೆಟ್ಟಗಳ ಮಂಕಿ ಪಜಲ್, ಅಂದರೆ ಅರಾಕೇರಿಯಾ ಅರಾಕಾನಾ, ಇಂಟರ್ನೆಟ್ಟಿನಲ್ಲಿ ಬೀಜದ ರೂಪದಲ್ಲಿ ಕಾಣಿಸುವುದುಂಟು. ಹಿಮ ಬೀಳುವ ತಂಪು ನಾಡಿನ ಆ ಮರಕ್ಕೆ ಇಲ್ಲಿ ಭವಿಷ್ಯವಿಲ್ಲ. ವೊಲೆಮೈ ಪೈನ್ ವಿಷಯ ಹೆಚ್ಚು ಕುತೂಹಲದ್ದು. 1994ರಲ್ಲಿ ಡೇವಿಡ್ ನೋಬಲ್ ಎಂಬ ಅರಣ್ಯೋದ್ಯಾನದ ಅಧಿಕಾರಿ ಸಿಡ್ನಿಯ ವಾಯವ್ಯಕ್ಕಿರುವ ಕಮರಿಯೊಂದರಲ್ಲಿ ಕಂಡ ಈ ಮರ ಅದುವರೆಗೆ ವಿಜ್ಞಾನಕ್ಕೆ ಜೀವಂತವಾಗಿ ಗೊತ್ತೇ ಇರಲಿಲ್ಲ. ಕಾಡಿನಲ್ಲಿ ಬೆಳೆದ ಮರಗಳು ನೂರಕ್ಕೂ ಕಡಿಮೆ. ಅದನ್ನು ಉಳಿಸುವ ಉಪಾಯವಾಗಿ 2006ರಿಂದ ಸಸಿಗಳನ್ನು ಸಾರ್ವಜನಿಕರಿಗೆ ಮಾರತೊಡಗಿದರು. ಶಾಖವನ್ನು ಅದು ತಕ್ಕಮಟ್ಟಿಗೆ ತಾಳುತ್ತದೆ, ಕುಂಡದಲ್ಲಿಯೂ ಬೆಳೆಯುತ್ತದೆ, ಆದರೆ ಬೇರು ಕೊಳೆಸುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಗೆ ಬೇಗ ತುತ್ತಾಗುತ್ತದೆ. ಜಿಟಿಜಿಟಿ ಮಳೆ ಹಿಡಿದರೆ ವಾರಗಟ್ಟಲೆ ಬಿಡದ ಧಾರವಾಡದಲ್ಲಿ ಆ ಸ್ವಭಾವ ದೊಡ್ಡ ಅಡ್ಡಿ. ವಿದೇಶದಿಂದ ಸಸಿ ತರಿಸುವುದಕ್ಕೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು ಎಂಬುದನ್ನೂ ಆಸೆಪಡುವವರು ತಿಳಿದಿರಬೇಕು.

ಆರೈಕೆ

ಕುಂಡದ ಮಣ್ಣು ಇವೆಲ್ಲಕ್ಕೂ ಹೆಚ್ಚುಕಡಿಮೆ ಒಂದೇ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಬೆರೆಸಿದರೆ ಸಾಕು; ಅರಾಕೇರಿಯಾ ಮತ್ತು ಪೊಡೊಕಾರ್ಪಸ್ಸಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಬಹುದು, ಥೂಜಾಕ್ಕೆ ಬೇಡ. ಹಿತ್ತಲಿನ ಎರೆಮಣ್ಣನ್ನು ಕುಂಡಕ್ಕೆ ತುಂಬಬಾರದು. ಎರೆನೆಲದಲ್ಲಿಯೇ ನೆಡಬೇಕಾದರೆ ಎರಡು-ಮೂರು ಅಡಿ ಅಗಲ ಆಳದ ಕುಣಿ ತೋಡಿ ಒಳಗಷ್ಟೇ ಕೆಂಪುಮಣ್ಣು ತುಂಬುವ ರೂಢಿಯಿದೆ, ಆದರೆ ಮಳೆಗಾಲದಲ್ಲಿ ಸುತ್ತಲಿನ ನೀರೆಲ್ಲ ಆ ಕುಣಿಗೇ ಇಳಿದು ನಿಲ್ಲುತ್ತದೆ. ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರದ ಗರಸು ಬೆರೆಸಿದ ಮಣ್ಣಿನ ಏರಿ ಮಾಡಿ ಅದರ ಮೇಲೆ ನೆಡುವುದು ಇದಕ್ಕಿಂತ ಸುರಕ್ಷಿತ.

ನೀರನ್ನು ದಿನದ ಲೆಕ್ಕದಲ್ಲಿ ಕೊಡಬಾರದು. ಮೇಲಿನ ಒಂದೆರಡು ಅಂಗುಲ ಮಣ್ಣು ಒಣಗಿದೆಯೇ ಎಂದು ಬೆರಳಿನಿಂದ ನೋಡಿ, ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಬೇಸಿಗೆಯಲ್ಲಿ ಅರಾಕೇರಿಯಾದ ಕುಂಡ ಎರಡು ದಿನಕ್ಕೊಮ್ಮೆ ನೀರು ಕೇಳಬಹುದು, ಮಳೆಗಾಲದಲ್ಲಿ ಹತ್ತು ದಿನವಾದರೂ ಕೇಳದಿರಬಹುದು. ಅತಿಯಾಗಿ ಒಣಗಿದರೂ ಅತಿಯಾಗಿ ನೆನೆದರೂ ಲಕ್ಷಣ ಒಂದೇ, ಎಲೆ ಕಂದಾಗುವುದು. ಹೀಗಾಗಿ ಕಂದಾದ ಗಿಡಕ್ಕೆ ಮಣ್ಣು ಮುಟ್ಟಿ ನೋಡದೆ ಇನ್ನಷ್ಟು ನೀರು ಸುರಿಯುವುದೇ ಅನೇಕ ಗಿಡಗಳ ಅಂತ್ಯಕ್ಕೆ ಕಾರಣವಾಗುತ್ತದೆ. ಗೊಬ್ಬರದ ಆಸೆಯೂ ಬೇಡ, ಮಳೆಗಾಲದ ಆರಂಭಕ್ಕೊಮ್ಮೆ ಮತ್ತು ದಸರೆಯ ಸುಮಾರಿಗೊಮ್ಮೆ ಎರಡು ಹಿಡಿ ಎರೆಹುಳು ಗೊಬ್ಬರ ಸಾಕು.

ಒಣಹವೆಯ ತಿಂಗಳುಗಳಲ್ಲಿ ಕಾಡುವುದು ಕೆಂಪು ನುಸಿ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆಯವರಿಗೆ ನುಸಿಯ ಕಾಟದ ಪರಿಚಯ ಹೊಸದೇನಲ್ಲ, ಇಲ್ಲಿ ಬರುವ ಜಾತಿ ಬೇರೆಯಿರಬಹುದು ಅಷ್ಟೆ. ಹಸಿರು ಮಾಸಿ ಬೂದಿ ಬಳಿದಂತಾದರೆ ರೆಂಬೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ ನೋಡಬೇಕು. ಹಾಳೆಯ ಮೇಲೆ ಬಿದ್ದ ಚುಕ್ಕೆಗಳು ಹರಿದಾಡಿದರೆ ಅದು ನುಸಿ. ಸಂಜೆಯ ಹೊತ್ತು ಗಿಡವನ್ನು ನೀರಿನ ಪೈಪಿನಿಂದ ರಭಸವಾಗಿ ತೊಳೆಯುವುದು ಮೊದಲ ಮದ್ದು. ಅದಕ್ಕೂ ಬಗ್ಗದಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕಲಸಿ, ಮೊದಲು ಒಂದು ರೆಂಬೆಗೆ ಹೊಡೆದು ನೋಡಿ, ಬಿಸಿಲಿಲ್ಲದಾಗ ಸಿಂಪಡಿಸಬಹುದು. ಹಿಟ್ಟು ತಿಗಣೆಗೂ ಇದೇ ಸಾಲುತ್ತದೆ. ರೋಗ ಯಾವುದೆಂದು ತಿಳಿಯದಿದ್ದರೆ ಒಂದು ರೆಂಬೆಯನ್ನು ಕೊಯ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರಿಗೆ ತೋರಿಸುವುದು ಅಂಗಡಿಯವರು ಹೇಳಿದ ಔಷಧಿಗಳನ್ನೆಲ್ಲ ಹೊಡೆಯುವುದಕ್ಕಿಂತ ಅಗ್ಗ.

ಕೊಳ್ಳುವ ಕಾಲದ ಬಗ್ಗೆ

ಈ ಗಿಡಗಳು ಹೆಚ್ಚು ಮಾರಾಟವಾಗುವುದು ಡಿಸೆಂಬರದಲ್ಲಿ, ಮತ್ತು ಕೊಳ್ಳಲು ಅದೇ ಒಳ್ಳೆಯ ಕಾಲವಲ್ಲ. ಆಗ ತಂದ ಗಿಡ ಮನೆಯ ಹವೆಗೆ ಹೊಂದಿಕೊಳ್ಳುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ತಂದರೆ ಬೇರು ಬಿಡುವುದಕ್ಕೆ ಏಳೆಂಟು ತಿಂಗಳು ಸಿಗುತ್ತವೆ. ಡಿಸೆಂಬರದಲ್ಲಿಯೇ ಬೇಕೆನ್ನುವವರು ದೀಪದ ಸರಗಳನ್ನು ಹಗುರವಾದವನ್ನೇ ಹಾಕಬೇಕು, ಅರಾಕೇರಿಯಾದ ಎಳೆಯ ಕೊಂಬೆ ಭಾರಕ್ಕೆ ಜೋತರೆ ಹಾಗೆಯೇ ಉಳಿಯುತ್ತದೆ.

ನರ್ಸರಿಯಲ್ಲಿ ಕುಂಡದ ಬುಡವನ್ನು ಬಗ್ಗಿ ನೋಡಬೇಕು. ಅರಾಕೇರಿಯಾ ಪೊದೆಯಂತೆ ತುಂಬಿ ಕಾಣಲೆಂದು ಒಂದೇ ಕುಂಡದಲ್ಲಿ ಮೂರು-ನಾಲ್ಕು ಸಸಿಗಳನ್ನು ಒತ್ತೊತ್ತಾಗಿ ನೆಡುವ ಪದ್ಧತಿ ಉಂಟು. ಮನೆಗೆ ತಂದ ಮೇಲೆ ಅವು ಒಂದರ ಬೆಳಕನ್ನು ಒಂದು ಕಸಿಯುತ್ತ ಒಳಬದಿಯಲ್ಲಿ ಬೋಳಾಗುತ್ತವೆ, ಬಿಡಿಸಲು ಹೋದರೆ ಹೆಣೆದುಕೊಂಡ ಬೇರು ಹರಿಯುತ್ತದೆ. ಒಂಟಿ ಕಾಂಡದ, ಮುರಿಯದ ನಡುಸುಳಿಯ, ಕೆಳಗಿನ ಸುತ್ತಿನ ಎಲ್ಲ ಕೊಂಬೆಗಳೂ ಹಸಿರಾಗಿರುವ ಎರಡಡಿಯ ಗಿಡ, ಸೊಂಪಾದ ನಾಲ್ಕಡಿಯ ಗುಂಪಿಗಿಂತ ಬೆಲೆಬಾಳುತ್ತದೆ. ಥೂಜಾವನ್ನು ಕೊಳ್ಳುವಾಗ ಹೊರಗಿನ ಹಸಿರನ್ನು ಬೆರಳಿನಿಂದ ಸರಿಸಿ ಒಳಗೆ ಎಷ್ಟು ಆಳದವರೆಗೆ ಜೀವವಿದೆಯೆಂದು ನೋಡಿ. ಪೊಡೊಕಾರ್ಪಸ್ಸಿನಲ್ಲಿ ಮೇಲಿನ ಹೊಸ ಎಲೆಯ ಬಣ್ಣವನ್ನಷ್ಟೇ ನೋಡಿದರೆ ಸಾಕು: ತಿಳಿಹಸಿರಿದ್ದರೆ ತೆಗೆದುಕೊಳ್ಳಿ, ಹಳದಿಯಿದ್ದರೆ ನರ್ಸರಿಯ ನೀರೇ ಅದಕ್ಕೆ ಒಗ್ಗಿಲ್ಲವೆಂದು ತಿಳಿದು ಬಿಟ್ಟುಬನ್ನಿ.